ಸಣ್ಣ ದನಿಯಲ್ಲಿ ಸೊರಗುವ ಸ್ಟೀರಿಯೊ: ದೋಷ ಎಲ್ಲಿದೆ, ಹುಡುಕುವುದು ಹೇಗೆ

ಹಗಲು ಹೊತ್ತು ಜೋರಾಗಿ ಹಾಕಿದಾಗ ಮನೆ ತುಂಬುವ ಅದೇ ಸಂಗೀತ ಕಛೇರಿ, ರಾತ್ರಿ ವಾಲ್ಯೂಮ್ ಇಳಿಸಿದ ಕೂಡಲೇ ಬಡಕಲಾಗುತ್ತದೆ. ಮೃದಂಗದ ತೊಪ್ಪಿಯ (ಎಡಬದಿಯ) ಗುಮುಕು ಮಾಯ. ತಂಬೂರಿ ಸೊಳ್ಳೆಯ ಸದ್ದಿಗೆ ಇಳಿದಿರುತ್ತದೆ. ಹಾಡುವವರು ನಡುವೆ ಕೂರುವ ಬದಲು ಒಂದು ಪಕ್ಕದ ಡಬ್ಬದೊಳಗೆ ಹೊಕ್ಕಂತೆ ಕೇಳುತ್ತದೆ. ಅಂಗಡಿಗೆ ಹೋದರೆ ‘ಸ್ಪೀಕರ್ ಹಳೇದಾಯ್ತು, ಬದಲಾಯಿಸಿ’ ಅನ್ನುತ್ತಾರೆ. ಬಹಳ ಸಲ ಆ ದುಡ್ಡು ದಂಡ. ಸಣ್ಣ ದನಿಯ ತೊಂದರೆ ಕಿವಿಯದ್ದಿರಬಹುದು, ಕೋಣೆಯದ್ದಿರಬಹುದು, ಸೆಟ್ಟಿನದ್ದಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಕಿವಿಯ ಗುಣವನ್ನು ಸ್ಪೀಕರ್ ದೋಷ ಅಂದುಕೊಂಡರೆ ಹೊಸದು ತಂದ ಮೇಲೂ ಅದೇ ಗೋಳು.

ವಾಲ್ಯೂಮ್ ಏರಿಸಿಬಿಟ್ಟರೆ ಆಯ್ತಲ್ಲ ಅನ್ನುವಂತಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ (ಡಿಬಿ) ಮಿತಿಯಿದೆ. ನಿಯಮದ ಮಾತು ಹಾಗಿರಲಿ, ತುಮಕೂರು ಕೋಲಾರದ ಹಳೇ ಬೀದಿಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ನಿಮ್ಮ ಬೇಸ್ ಪಕ್ಕದ ಮನೆಯ ತೊಟ್ಟಿಲಿಗೂ ಕೇಳುತ್ತದೆ.

ಐದು ನಿಮಿಷದ ಪರೀಕ್ಷೆ

ಯಾವ ಸ್ಕ್ರೂ ಬಿಚ್ಚುವ ಮೊದಲೂ ಇದನ್ನು ಮಾಡಿ. ಉದ್ದಕ್ಕೂ ತಂಬೂರಿ ಶ್ರುತಿ ಇರುವ, ಮೃದಂಗ ಚೆನ್ನಾಗಿ ಕೇಳುವ ಒಂದು ಕಛೇರಿ ಧ್ವನಿಮುದ್ರಣ ಆರಿಸಿಕೊಳ್ಳಿ. ಪ್ರತಿ ಸಲವೂ ಅದನ್ನೇ ಹಾಕಿ; ಹಾಡು ಬದಲಾದರೆ ಹೋಲಿಕೆ ಕೆಟ್ಟಿತು. ತಂಬೂರಿ ನಿಲ್ಲದೆ ಹರಿಯುವುದರಿಂದ ಎಡಬಲದ ಏರುಪೇರು ಅದರಲ್ಲಿ ತಕ್ಷಣ ಗೊತ್ತಾಗುತ್ತದೆ. ಮೃದಂಗದ ತೊಪ್ಪಿ ಬೇಸ್‌ನ ಅಳತೆಗೋಲು. ಬೇಸ್, ಟ್ರೆಬಲ್, ಬ್ಯಾಲೆನ್ಸ್ ಮೂರನ್ನೂ ನಡುವಿಗೆ ತನ್ನಿ. ಲೌಡ್‌ನೆಸ್ ಬಟನ್ ಆಫ್. ಫ್ಯಾನ್ ಆಫ್. ಈಗ ವಾಲ್ಯೂಮನ್ನು ಸೊನ್ನೆಯಿಂದ ಬಹಳ ನಿಧಾನವಾಗಿ ಏರಿಸುತ್ತ ಹೋಗಿ, ತೊಂದರೆ ಹೇಗೆ ಬದಲಾಗುತ್ತದೆ ಅನ್ನುವುದನ್ನು ಮಾತ್ರ ಗಮನಿಸಿ.

ಎರಡೂ ಪಕ್ಕದಲ್ಲಿ ಬೇಸ್ ಮೆಲ್ಲಮೆಲ್ಲಗೆ ತುಂಬಿಕೊಳ್ಳುತ್ತ ಬಂದರೆ ಸೆಟ್ಟಿನಲ್ಲಿ ದೋಷವಿಲ್ಲ, ಅದು ಕಿವಿಯ ಗುಣ. ಒಂದು ಪಕ್ಕ ಸಣ್ಣದಾಗಿ ಶುರುವಾಗಿ ನಾಬ್ ಒಂಬತ್ತು–ಹತ್ತು ಗಂಟೆಯ ಸ್ಥಾನಕ್ಕೆ ಬರುವಷ್ಟರಲ್ಲಿ ಸಮವಾದರೆ ವಾಲ್ಯೂಮ್ ಕಂಟ್ರೋಲ್‌ನ ದೋಷ. ಒಂದು ಪಕ್ಕ ಸತ್ತಂತೆ ಇದ್ದು, ಯಾವುದೋ ಒಂದು ಹಂತದಲ್ಲಿ ಪಟ್ಟನೆ ಜೀವ ಬಂದು, ಆಮೇಲೆ ಇಳಿಸಿದರೂ ಸ್ವಲ್ಪ ಹೊತ್ತು ಸರಿಯಾಗಿಯೇ ಇದ್ದರೆ ರಿಲೇ (ಸ್ಪೀಕರನ್ನು ತಾನಾಗಿ ಜೋಡಿಸುವ ಒಳಗಿನ ಸ್ವಿಚ್) ಅಥವಾ ಸ್ವಿಚ್ಚಿನ ಕಾಂಟ್ಯಾಕ್ಟ್ ಕೆಟ್ಟಿದೆ. ಸಣ್ಣ ದನಿಯಲ್ಲಿ ಹರಕಲು, ಜೋರಾದರೆ ನಯ ಅನ್ನಿಸಿದರೆ ಆಂಪ್ಲಿಫೈಯರ್‌ನ (ಆಂಪ್‌ನ) ಬಯಾಸ್, ಅಂದರೆ ಟ್ರಾನ್ಸಿಸ್ಟರ್‌ಗಳಲ್ಲಿ ಸದಾ ಹರಿಯುವ ಸಣ್ಣ ಕರೆಂಟ್, ಅಥವಾ ಸ್ಪೀಕರ್‌ನ ಕಾಯಿಲ್ ಅನುಮಾನ. ಗುಂಯ್ ಅಥವಾ ಸುಯ್ ಸದ್ದೇ ಹಾಡನ್ನು ನುಂಗುತ್ತಿದ್ದರೆ ಅದು ಬೇರೆಯೇ ದಾರಿ. ಎಷ್ಟು ಏರಿಸಿದರೂ ಬೇಸ್ ಬರಲೇ ಇಲ್ಲ ಅಂದರೆ ಮೊದಲು ವೈರ್ ನೋಡಿ.

ಬೇಸ್ ಎಲ್ಲೂ ಇಲ್ಲ: ಉಲ್ಟಾ ವೈರ್

ಎರಡರಲ್ಲಿ ಒಂದು ಸ್ಪೀಕರ್‌ನ ಕೆಂಪು ಕಪ್ಪು ಅದಲುಬದಲಾಗಿದ್ದರೆ ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುತ್ತದೆ. ಬೇಸ್ ಗಾಳಿಯಲ್ಲೇ ಪರಸ್ಪರ ಅಳಿಸಿಹೋಗುತ್ತದೆ. ಮನೆಗೆ ಸುಣ್ಣಬಣ್ಣ ಹೊಡೆಸಿ ಮತ್ತೆ ಜೋಡಿಸಿದ ಸೆಟ್‌ಗಳಲ್ಲಿ ಇದು ಬಹಳ. ಎರಡು ಬಾಕ್ಸನ್ನೂ ಎದುರುಬದುರು, ಗೇಣು ಅಂತರದಲ್ಲಿಟ್ಟು, ಮೋನೊದಲ್ಲಿ (ಎರಡೂ ಪಕ್ಕಕ್ಕೆ ಒಂದೇ ಸದ್ದು) ಹಾಡು ಹಾಕಿ. ಸೆಟ್ ಆಫ್ ಮಾಡಿ ಒಂದು ಬಾಕ್ಸ್‌ನ ವೈರ್ ತಿರುಗಿಸಿ ಮತ್ತೆ ಕೇಳಿ. ಯಾವ ಜೋಡಣೆಯಲ್ಲಿ ಬೇಸ್ ಹೆಚ್ಚೋ ಅದೇ ಸರಿ. ಬಾಕ್ಸಿನ ಒಳಗಿನ ವೂಫರ್ (ಬೇಸ್ ನುಡಿಸುವ ದೊಡ್ಡ ಕೋನ್) ಮೇಲೆ ಅನುಮಾನವಿದ್ದರೆ ಆಂಪ್‌ನಿಂದ ವೈರ್ ಕಳಚಿ, 1.5 ವೋಲ್ಟ್‌ನ ಪೆನ್ಸಿಲ್ ಸೆಲ್‌ನ ಪ್ಲಸ್ ತುದಿಯನ್ನು ಕೆಂಪಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿ. ವೂಫರ್ ಕೋನ್ ಎರಡೂ ಬಾಕ್ಸಿನಲ್ಲಿ ಮುಂದಕ್ಕೇ ಚಿಮ್ಮಬೇಕು. ಖರ್ಚು ಸೊನ್ನೆ.

ಕಿವಿಯ ಲೆಕ್ಕ

ಮನುಷ್ಯನ ಕಿವಿ ಎಲ್ಲ ಸ್ವರವನ್ನೂ ಸಮನಾಗಿ ಕೇಳುವುದಿಲ್ಲ. ಸದ್ದು ಸಣ್ಣದಾದಷ್ಟೂ ಬೇಸ್‌ಗೆ ಕಿವುಡಾಗುತ್ತ ಹೋಗುತ್ತದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ನಕ್ಷೆ ಮಾಡಿದರು. ಇಂದು ಬಳಕೆಯಲ್ಲಿರುವುದು ಐಎಸ್‌ಒ 226 ಎಂಬ ಮಾನದಂಡ. ಅದರ 2003ರ ನಕ್ಷೆಯ ಪ್ರಕಾರ, ಜೋರಾದ 80 ಫೋನ್ (ಕಿವಿಗೆ ಅನ್ನಿಸುವ ಜೋರಿನ ಮಾನ) ಮಟ್ಟದಿಂದ ಮನೆಯವರ ನಿದ್ದೆ ಕೆಡದ 40 ಫೋನ್ ಮಟ್ಟಕ್ಕೆ ಇಳಿದಾಗ, ಮೊದಲಿನ ಹದ ಉಳಿಯಬೇಕಾದರೆ 100 ಹರ್ಟ್ಸ್ ಸುತ್ತ ಸುಮಾರು 12 ಡಿಬಿ, 50 ಹರ್ಟ್ಸ್ ಸುತ್ತ ಸುಮಾರು 16 ಡಿಬಿ ಬೇಸ್ ಹೆಚ್ಚಿಗೆ ಬೇಕು. ಎಷ್ಟೇ ಬೆಲೆಯ ಸ್ಪೀಕರ್ ಆದರೂ ಈ ಲೆಕ್ಕದಿಂದ ಪಾರಾಗಲಾರದು. ‘ಟೋನ್ ಕಂಟ್ರೋಲ್ ಮುಟ್ಟಿದರೆ ಶುದ್ಧತೆ ಹೋಯಿತು’ ಅನ್ನುವ ಮಡಿವಂತಿಕೆ ರಾತ್ರಿ ಕೇಳುವವರಿಗೆ ಸಲ್ಲದು.

ಹಳೇ ಆಂಪ್‌ಗಳಲ್ಲಿ ಇದಕ್ಕೆಂದೇ ಲೌಡ್‌ನೆಸ್ ಬಟನ್ ಇರುತ್ತದೆ. ಆದರೆ ಅದು ಕೆಲಸ ಮಾಡುವ ರೀತಿ ತಿಳಿಯದೆ ಬೈಯುವವರು ಹೆಚ್ಚು. ಸಾಮಾನ್ಯವಾಗಿ ವಾಲ್ಯೂಮ್ ಕಂಟ್ರೋಲ್‌ನ ಟ್ರ್ಯಾಕಿನ ನಡುವೆ ಒಂದು ಕಾಲು ತೆಗೆದು, ಅಲ್ಲಿಗೆ ಕೆಪಾಸಿಟರ್ ರೆಸಿಸ್ಟರ್ ಜೋಡಿಸಿರುತ್ತಾರೆ. ಬೇಸ್ ಎಷ್ಟು ಏರಬೇಕು ಅನ್ನುವುದನ್ನು ಅದು ನಾಬ್ ಇರುವ ಜಾಗ ನೋಡಿ ತೀರ್ಮಾನಿಸುತ್ತದೆ, ಕೋಣೆಯಲ್ಲಿ ನಿಜವಾಗಿ ಎಷ್ಟು ಸದ್ದಿದೆ ಎಂದಲ್ಲ. ಹಾಗಾಗಿ ಸಿಗ್ನಲ್ ತೀರಾ ಬಲವಾಗಿದ್ದು ನಾಬ್ ಏಳೂವರೆ ಗಂಟೆಯಲ್ಲೇ ನಿಂತರೆ ಬೇಸ್ ಡೊಳ್ಳಿನಂತೆ ಉಬ್ಬುತ್ತದೆ. ಸಿಗ್ನಲ್ ಬಡವಾಗಿದ್ದು ನಾಬ್ ಅರ್ಧ ದಾಟಿದರೆ ಬಟನ್ ಒತ್ತಿದರೂ ಬಿಟ್ಟರೂ ಒಂದೇ. ಎರಡೂ ಸಂದರ್ಭದಲ್ಲಿ ಕೆಟ್ಟಿರುವುದು ಬಟನ್ನಲ್ಲ, ಸಿಗ್ನಲ್‌ನ ಮಟ್ಟ. ಅದನ್ನು ಸರಿ ಮಾಡುವ ಬಗೆ ಮುಂದೆ ಇದೆ.

ಯಮಹಾ ಆಂಪ್‌ಗಳಲ್ಲಿ ಕೆಲವಕ್ಕೆ ಲೌಡ್‌ನೆಸ್ ಬಟನ್ ಬದಲು ತಿರುಗಿಸುವ ನಾಬ್ ಇದೆ. ಬಳಸುವ ಕ್ರಮ ತುಸು ತಿರುಗುಮುರುಗು: ಲೌಡ್‌ನೆಸ್ ನಾಬನ್ನು ಫ್ಲಾಟ್‌ನಲ್ಲಿಟ್ಟು, ನೀವು ಕೇಳುವ ಅತಿ ಜೋರು ಮಟ್ಟಕ್ಕೆ ವಾಲ್ಯೂಮ್ ನಿಲ್ಲಿಸಿ. ಆಮೇಲೆ ವಾಲ್ಯೂಮ್ ಮುಟ್ಟದೆ ಲೌಡ್‌ನೆಸ್ ನಾಬಿನಿಂದಲೇ ದನಿ ಇಳಿಸಿ. ಅದು ಇಳಿಯುತ್ತ ನಡುಸ್ವರವನ್ನು ಹೆಚ್ಚು, ಬೇಸನ್ನು ಕಡಿಮೆ ತಗ್ಗಿಸುತ್ತದೆ. ಹೋಂ ಥಿಯೇಟರಿನ ಎವಿ ರಿಸೀವರ್ ಇದ್ದವರು ಆಡಿಸಿಯ ಡೈನಮಿಕ್ ಇಕ್ಯೂ ಅಥವಾ ಯಮಹಾದ ವೈಪಿಎಒ ವಾಲ್ಯೂಮ್ ಆನ್ ಮಾಡಿ. ಇದೇ ಕೆಲಸವನ್ನು ಅವು ಮಟ್ಟ ಅಳೆದು ಮಾಡುತ್ತವೆ.

ಯಾವುದೂ ಇಲ್ಲದವರಿಗೆ ಬೇಸ್ ನಾಬ್ ಸಾಕು, ಇಲ್ಲವೇ ಫೋನಿನ ಈಕ್ವಲೈಜರ್. 60ರಿಂದ 100 ಹರ್ಟ್ಸ್ ಪಟ್ಟಿಗಳನ್ನು 6ರಿಂದ 8 ಡಿಬಿ, 10 ಕಿಲೊಹರ್ಟ್ಸ್ ಮೇಲಿನದನ್ನು 2ರಿಂದ 3 ಡಿಬಿ ಏರಿಸಿ. ನಕ್ಷೆ ಹೇಳುವ ಪೂರ್ತಿ 16 ಡಿಬಿ ಹಾಕಲು ಹೋಗಬೇಡಿ, ಕೋಣೆಯ ಗೋಡೆಗಳೂ ಒಂದಿಷ್ಟು ಬೇಸ್ ಕೂಡಿಸುತ್ತವೆ. ಫೋನಿನಲ್ಲಿ 8 ಡಿಬಿ ಏರಿಸಿದರೆ ಅದೇ ಆ್ಯಪ್‌ನ ಪ್ರೀಆಂಪನ್ನು 8 ಡಿಬಿ ಇಳಿಸಬೇಕು. ಇಲ್ಲವಾದರೆ ಸಿಗ್ನಲ್ ತಲೆ ಕತ್ತರಿಸಿ ದನಿ ಒಡೆಯುತ್ತದೆ. ‘ವೂಫರ್ ಸುಟ್ಟುಹೋದೀತು’ ಅನ್ನುವ ಭಯ ಸಣ್ಣ ದನಿಯಲ್ಲಿ ಬೇಡ. ಕೆಲವೇ ಮಿಲಿವ್ಯಾಟ್ ಓಡುತ್ತಿರುವಾಗ 8 ಡಿಬಿ ಅಂದರೆ ಅದರ ಆರು ಪಟ್ಟು ಮಾತ್ರ. ಅಪಾಯವಿರುವುದು ಬೆಳಿಗ್ಗೆ ಮರೆತು ಅದೇ ಸೆಟ್ಟಿಂಗ್‌ನಲ್ಲಿ ಜೋರಾಗಿ ಹಾಕಿದಾಗ.

ಹತ್ತಕ್ಕೆ ಹತ್ತರ ಕೋಣೆ

ಈ ಕಡೆಯ ಮನೆಗಳಲ್ಲಿ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ರೂಮು ಬಹಳ. ಮೇಲ್ಛಾವಣಿಯೂ ಹತ್ತು ಅಡಿ ಎತ್ತರ. ವಾಸಕ್ಕೆ ಅಡ್ಡಿಯಿಲ್ಲ, ಸಂಗೀತಕ್ಕೆ ಇದು ಅತಿ ಕೆಟ್ಟ ಅಳತೆ. ಹತ್ತು ಅಡಿಯ ನಡುವೆ ಅಲೆಯಾಡುವ ಸ್ವರ ಸುಮಾರು 56 ಹರ್ಟ್ಸ್. ಮೂರೂ ದಿಕ್ಕಿಗೆ ಒಂದೇ ಅಳತೆಯಿರುವುದರಿಂದ ಮೂರೂ ಅನುರಣನ ಅದೇ ಸ್ವರದಲ್ಲಿ ಗುಡ್ಡೆಯಾಗುತ್ತವೆ. ಗೋಡೆ ಪಕ್ಕದಲ್ಲಿ ಆ ಸ್ವರ ಅಬ್ಬರಿಸುತ್ತದೆ, ಕೋಣೆಯ ನಟ್ಟನಡುವೆ ಇಲ್ಲವೇ ಇಲ್ಲ ಅನ್ನುವಷ್ಟು ಕುಗ್ಗುತ್ತದೆ. ಕುರ್ಚಿಯನ್ನು ಫ್ಯಾನಿನ ಕೆಳಗೆ, ಸರಿಯಾಗಿ ಮಧ್ಯಕ್ಕೆ ಹಾಕಿಕೊಂಡು ‘ಬೇಸ್ ಇಲ್ಲ’ ಅನ್ನುವವರು ಆ ಕುಗ್ಗಿದ ಜಾಗದಲ್ಲೇ ಕೂತಿರುತ್ತಾರೆ. ಕುರ್ಚಿಯನ್ನು ಹಿಂದಿನ ಗೋಡೆಯ ಕಡೆ ಎರಡು ಅಡಿ ಸರಿಸಿ ಕೇಳಿ. ರಾತ್ರಿಯ ಮಟ್ಟಕ್ಕೆ ಕೋಣೆ ಪುಕ್ಕಟೆಯಾಗಿ ಕೊಡುವ ಬೇಸನ್ನು ಬೇಡ ಅನ್ನುವುದೇಕೆ?

ಸ್ಪೀಕರ್‌ಗೂ ಇದೇ ಮಾತು. ಹಿಂದಿನ ಗೋಡೆಗೆ ಬಡಿದು ಬರುವ ಸದ್ದು ನೇರ ಸದ್ದನ್ನು ಒಂದು ಸ್ವರದಲ್ಲಿ ಅಳಿಸುತ್ತದೆ. ಬಾಕ್ಸಿನ ಮುಖ ಗೋಡೆಯಿಂದ 1 ಮೀಟರ್ ದೂರವಿದ್ದರೆ ಅದು 86 ಹರ್ಟ್ಸ್, ಅರ್ಧ ಮೀಟರ್ ಇದ್ದರೆ 172 ಹರ್ಟ್ಸ್. ಈ ಎರಡನೆಯದು ಗಂಡುದನಿಯ ತುಂಬುತನವೇ ಇರುವ ಜಾಗ. ಸಣ್ಣ ದನಿಯಲ್ಲಿ ಕೇಳುವುದಾದರೆ ಬಾಕ್ಸನ್ನು ಗೋಡೆಗೆ ಹತ್ತಿರ ಒತ್ತುವುದೇ ಲೇಸು. ಕುಳಿ ಮೇಲಿನ ಸ್ವರಕ್ಕೆ ಸರಿದು ಮಂಕಾಗುತ್ತದೆ, ಕೆಳಗಿನ ಬೇಸ್‌ಗೆ ಗೋಡೆಯ ಬಲ ಸೇರುತ್ತದೆ. ಹಿಂಬದಿಯಲ್ಲಿ ಗಾಳಿಯ ತೂತಿರುವ ಬಾಕ್ಸಾದರೆ 8–10 ಸೆಂಟಿಮೀಟರ್ ಜಾಗ ಬಿಡಿ. ಜೋರಾಗಿ ಹಾಕಿದಾಗ ಇದೇ ಜಾಗದಲ್ಲಿ ಬೇಸ್ ಅತಿಯಾದೀತು, ಆಗ ಬೇಸ್ ನಾಬ್ ಇಳಿಸಿಕೊಳ್ಳಬಹುದು.

ಗೋಡೆಯ ಸಿಮೆಂಟ್ ಗೂಡಿನೊಳಗೆ ಬಾಕ್ಸ್ ತುರುಕಿದ್ದರೆ ಅದರ ಮುಖ ಗೂಡಿನ ಅಂಚಿಗೆ ಸಮವಾಗಿ ಬರುವಂತೆ ಮುಂದೆಳೆಯಿರಿ, ಪಕ್ಕದ ಸಂದಿಗೆ ಹಳೇ ಬೆಡ್‌ಶೀಟ್ ತುಂಬಿ. ಒಳಗೆ ಹೂತಿಟ್ಟರೆ ಮಡಕೆಯೊಳಗೆ ಮಾತಾಡಿದಂತೆ ಕೇಳುತ್ತದೆ.

ಎತ್ತರದ ವಿಷಯದಲ್ಲಿ ಎಡವುವುದು ಸಾಮಾನ್ಯ. ಸ್ಪೀಕರ್ ಶೋಕೇಸ್ ಮೇಲೆ ಐದಡಿ ಎತ್ತರದಲ್ಲಿ, ಕೇಳುವವರು ಚಾಪೆ ಮೇಲೆ. ನೆಲಕ್ಕೆ ಕೂತವರ ಕಿವಿ ಸುಮಾರು ಎರಡೂವರೆ ಅಡಿಯಲ್ಲಿರುತ್ತದೆ. ಟ್ವೀಟರ್‌ನ (ಮೇಲಿನ ಸ್ವರ ನುಡಿಸುವ ಚಿಕ್ಕ ಸ್ಪೀಕರ್) ಸದ್ದು ತಲೆ ಮೇಲಿಂದ ಹಾದುಹೋಗುತ್ತದೆ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಬಾಕ್ಸ್ ಇಳಿಸಲು ಆಗದಿದ್ದರೆ ತಲೆಕೆಳಗು ಮಾಡಿಟ್ಟು ಟ್ವೀಟರನ್ನು ಕೆಳಗೆ ತನ್ನಿ, ಹಿಂಬದಿಗೆ ಒಂದು ಇಂಚಿನ ಮರದ ತುಂಡು ಕೊಟ್ಟು ಮುಂದಕ್ಕೆ ಬಾಗಿಸಿ, ಬೀಳದಂತೆ ಕಟ್ಟಿ.

ಹತ್ತಿರ ಕೂರುವುದಕ್ಕಿಂತ ಅಗ್ಗದ ಸುಧಾರಣೆ ಇನ್ನೊಂದಿಲ್ಲ. ದೂರ ಅರ್ಧವಾದರೆ ಸ್ಪೀಕರ್‌ನಿಂದ ನೇರ ಬರುವ ಸದ್ದು 6 ಡಿಬಿ ಏರುತ್ತದೆ. ಎರಡು ಸ್ಪೀಕರ್ ನಡುವೆ ನಾಲ್ಕಡಿ, ನಿಮಗೂ ಅವಕ್ಕೂ ನಾಲ್ಕಡಿ ಇಟ್ಟುಕೊಂಡರೆ ಪಕ್ಕದ ಮನೆಗೆ ಹೋಗುವ ಸದ್ದು ಹೆಚ್ಚದೆ ನಿಮಗೆ ಸಿಗುವುದು ಹೆಚ್ಚುತ್ತದೆ. ಚಪ್ಪಡಿ ಕಲ್ಲಿನ ಮಾಡು, ಗಾರೆ ಗೋಡೆ, ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲದ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಚಪ್ಪಾಳೆ ತಟ್ಟಿದಾಗ ಟಣ್ ಟಣ್ ಎಂದು ಬಾಲ ಬಂದರೆ ಆ ಬಾಲವೇ ಸಾಹಿತ್ಯದ ಅಕ್ಷರಗಳನ್ನು ತಿನ್ನುತ್ತಿದೆ. ನಿಮಗೂ ಸ್ಪೀಕರ್‌ಗೂ ನಡುವಿನ ನೆಲದ ಮೇಲೆ ಜಮಖಾನ, ಅದರ ಮೇಲೊಂದು ದಪ್ಪ ಕಂಬಳಿ. ಹಿಂದಿನ ಗೋಡೆಗೆ ಹಗಲಲ್ಲಿ ಮಡಚಿಡುವ ಹತ್ತಿ ಹಾಸಿಗೆಯನ್ನು ಒರಗಿಸಿ ನಿಲ್ಲಿಸಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ಮಾತ್ರ ವ್ಯರ್ಥ ಪ್ರಯಾಸ.

ಮನೆಯೊಳಗಿನ ಗದ್ದಲವನ್ನೂ ಲೆಕ್ಕ ಹಾಕಿ. ಕಿವಿಗೆ ಸಿಗುವುದು ಗದ್ದಲದ ಮೇಲೆ ಉಳಿದದ್ದು ಮಾತ್ರ. ಫ್ಯಾನ್ ನಾಲ್ಕರಲ್ಲಿ ಓಡುತ್ತಿದ್ದರೆ ರಾಗಾಲಾಪನೆಯ ತುದಿಗಳು ಅದರಲ್ಲಿ ಮುಳುಗುತ್ತವೆ. ಎರಡಕ್ಕಿಳಿಸಿದರೆ ವಾಲ್ಯೂಮ್ ಏರಿಸಿದಷ್ಟೇ ಫಲ. ತುಮಕೂರಿನ ಪಕ್ಕ 48, ಕೋಲಾರದಲ್ಲಿ 75, ಚಿಕ್ಕಬಳ್ಳಾಪುರದಲ್ಲಿ 44ನೇ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿ ಕಡೆಯ ಕಿಟಕಿ ತೆರೆದಿದ್ದರೆ ಲಾರಿಗಳ ಗುಡುಗು ಬೇಸನ್ನೇ ಮೊದಲು ನುಂಗುತ್ತದೆ. ಶಿಡ್ಲಘಟ್ಟದಲ್ಲಿ ಪಕ್ಕದಲ್ಲೇ ನೂಲು ಬಿಚ್ಚಾಣಿಕೆ ಘಟಕವಿದ್ದರೆ ಮೋಟರ್ ನಿಂತ ಹೊತ್ತು ನೋಡಿ ಪರೀಕ್ಷೆ ಮಾಡಿ, ಇಲ್ಲದಿದ್ದರೆ ಸ್ಪೀಕರ್ ಮೇಲೆ ಸುಳ್ಳು ಆರೋಪ ಬರುತ್ತದೆ.

ಹಾಡು ಒಂದು ಪಕ್ಕಕ್ಕೆ ವಾಲಿದರೆ

ವಾಲ್ಯೂಮ್ ನಾಬಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಕಾರ್ಬನ್ ಟ್ರ್ಯಾಕ್ ಒಂದೇ ದಂಡಕ್ಕೆ ಕೂತಿರುತ್ತವೆ. ಎರಡೂ ಪೂರ್ತಿ ಸಮ ಇರುವುದಿಲ್ಲ. ನಾಬ್ ಮೇಲಿದ್ದಾಗ ವ್ಯತ್ಯಾಸ ಗೊತ್ತಾಗದು; ತಳದಲ್ಲಿ, ಏಳರಿಂದ ಎಂಟೂವರೆ ಗಂಟೆಯ ನಡುವೆ, 2–3 ಡಿಬಿ ಏರುಪೇರು ಮಾಮೂಲು. ಒಂದು ಡಿಬಿ ಸಾಕು ಗಾಯಕರು ನಡುವಿಂದ ಜರುಗಲು. ಹಾಗಾಗಿ ತಳದ ಆ ಪಟ್ಟಿಯನ್ನು ಬಳಸದೇ ಇರುವುದು ಜಾಣತನ.

ಮೊದಲು ದೋಷ ಈ ವಾಲ್ಯೂಮ್ ಕಂಟ್ರೋಲ್‌ನದ್ದೇ (ಅಂಗಡಿ ಮಾತಿನಲ್ಲಿ ಪಾಟ್) ಎಂದು ಖಾತ್ರಿ ಮಾಡಿಕೊಳ್ಳಿ. ಆಂಪ್‌ಗೆ ಬರುವ ಆರ್‌ಸಿಎ ಪಿನ್‌ಗಳನ್ನು ಎಡಬಲ ಅದಲುಬದಲು ಮಾಡಿ. ಸಣ್ಣ ದನಿ ಇನ್ನೊಂದು ಸ್ಪೀಕರ್‌ಗೆ ಹಾರಿದರೆ ತೊಂದರೆ ಕೇಬಲ್ ಅಥವಾ ಪ್ಲೇಯರ್‌ನದ್ದು. ಅಲ್ಲೇ ಉಳಿದರೆ ಸೆಟ್ ಆಫ್ ಮಾಡಿ ಸ್ಪೀಕರ್ ವೈರ್‌ಗಳನ್ನು ಅದಲುಬದಲು ಮಾಡಿ. ಈಗಲೂ ಅದೇ ಸ್ಪೀಕರ್ ಸಣ್ಣದಾಗಿದ್ದರೆ ಸ್ಪೀಕರ್, ಹಾರಿದರೆ ಆಂಪ್.

ಇದರ ಬೇರು ಮಟ್ಟದ ಹೊಂದಾಣಿಕೆಯಲ್ಲಿದೆ. ಸಿಡಿ ಪ್ಲೇಯರ್ ಮತ್ತು ಬಹಳಷ್ಟು ಡಿಎಸಿಗಳು (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) 2 ವೋಲ್ಟ್ ಕೊಡುತ್ತವೆ. ಕ್ಯಾಸೆಟ್ ಕಾಲದ ಆಂಪ್‌ಗೆ ಪೂರ್ತಿ ಕೂಗಲು 150–200 ಮಿಲಿವೋಲ್ಟ್ ಸಾಕು. ಹತ್ತು ಪಟ್ಟು ಹೆಚ್ಚಿಗೆ ಬಂದ ಸಿಗ್ನಲನ್ನು ಹಿಡಿದು ನಿಲ್ಲಿಸಲು ನಾಬ್ ತಳಕ್ಕೇ ಅಂಟಿಕೊಳ್ಳಬೇಕಾಗುತ್ತದೆ. ಪ್ಲೇಯರ್‌ನಲ್ಲಿ 24 ಬಿಟ್ ಡಿಜಿಟಲ್ ವಾಲ್ಯೂಮ್ ಇದ್ದರೆ ಅಲ್ಲೇ 10–15 ಡಿಬಿ ಇಳಿಸಿ. 16 ಬಿಟ್‌ನದ್ದಾದರೆ ಪ್ರತಿ 6 ಡಿಬಿಗೆ ಒಂದು ಬಿಟ್ ಕಳೆದುಹೋಗುತ್ತದೆ. ಅಲ್ಲಿ ಇಳಿಸುವ ಬದಲು ಆಂಪ್‌ನ ಮುಂದೆ ರೆಸಿಸ್ಟರ್ ಹಾಕುವುದು ಮೇಲು. ಪ್ರತಿ ಚಾನಲ್‌ಗೆ 22 ಕಿಲೊ ಓಮ್ ಒಂದು, 10 ಕಿಲೊ ಓಮ್ ಒಂದು, ಎರಡೂ ಕಾಲು ವ್ಯಾಟ್ ಮೆಟಲ್ ಫಿಲ್ಮ್, ಶೇ. 1ರ ನಿಖರತೆಯವು. 22 ಕಿಲೊ ಸಿಗ್ನಲ್ ತಂತಿಯ ಸಾಲಿನಲ್ಲಿ. ಅದರ ಆಂಪ್ ಕಡೆಯ ತುದಿಯಿಂದ ಗ್ರೌಂಡ್‌ಗೆ 10 ಕಿಲೊ. ಆಂಪ್‌ನ ಇನ್‌ಪುಟ್ 50 ಕಿಲೊ ಓಮ್ ಎಂದಿಟ್ಟುಕೊಂಡರೆ ಸುಮಾರು 11 ಡಿಬಿ ಇಳಿಯುತ್ತದೆ. ಸಾಲದಿದ್ದರೆ 10 ಕಿಲೊ ಮತ್ತು 1 ಕಿಲೊ ಜೋಡಿ: ಸುಮಾರು 21 ಡಿಬಿ. ಕೇಬಲ್ ಮಧ್ಯೆ ಹಾಕದೆ ಆಂಪ್ ತುದಿಯ ಆರ್‌ಸಿಎ ಪಿನ್ನಿನೊಳಗೇ ಬೆಸೆಯಿರಿ. ನಾಬ್ ಹತ್ತು ಗಂಟೆಗೆ ಬರುತ್ತದೆ, ಏರುಪೇರು ಹೋಗುತ್ತದೆ, ಲೌಡ್‌ನೆಸ್ ಬಟನ್ನೂ ತನ್ನ ಹದಕ್ಕೆ ಬರುತ್ತದೆ.

ನಾಬ್ ತಿರುಗಿಸಿದಾಗ ಕರಕರ ಬಂದರೆ ಟ್ರ್ಯಾಕಿನಲ್ಲಿ ದೂಳು. ಬೇಸಿಗೆಯ ಕೆಂಪು ದೂಳು ಮುಚ್ಚಿದ ಡಬ್ಬಕ್ಕೂ ನುಗ್ಗುತ್ತದೆ. ಪ್ಲಗ್ ಕಿತ್ತು, ಪಾಟ್‌ನ ಕಾಲುಗಳ ಬಳಿಯ ಸಂದಿಯಿಂದ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಚಿಮುಕಿಸಿ, ನಾಬನ್ನು ಮೂವತ್ತು ಸಲ ತುದಿಯಿಂದ ತುದಿಗೆ ತಿರುಗಿಸಿ, ಅರ್ಧ ಗಂಟೆ ಒಣಗಲು ಬಿಡಿ. ಬಾಗಿಲ ಕೀಲಿಗೆ ಹೊಡೆಯುವ ತುಕ್ಕಿನ ಸ್ಪ್ರೇ ಬೇಡ. ಅದರ ಎಣ್ಣೆ ಮತ್ತೆ ದೂಳು ಹಿಡಿಯುತ್ತದೆ. ಹೊಸ ಪಾಟ್ ಹಾಕುವುದಾದರೆ ಹಳೆಯದರ ಮೇಲೆ ಬರೆದ ಅಳತೆಯದನ್ನೇ ತನ್ನಿ. ಎ50ಕೆ ಅಥವಾ ಎ100ಕೆ ಎಂದಿರುತ್ತದೆ, ಎ ಅಂದರೆ ಲಾಗ್ ಟ್ರ್ಯಾಕ್. ಬಿ ಗುರುತಿನದು ಹಾಕಿದರೆ ಮೊದಲ ಕಾಲು ಸುತ್ತಿನಲ್ಲೇ ದನಿ ಎದ್ದು ನಿಲ್ಲುತ್ತದೆ, ಸಣ್ಣ ದನಿಗೆ ನಾಬ್‌ನಲ್ಲಿ ಜಾಗವೇ ಉಳಿಯದು. ತುಮಕೂರಿನ ರಿಪೇರಿ ಅಂಗಡಿಯಲ್ಲಿ ಒಳ್ಳೆಯದು ಸಿಗದಿದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯೇ ಗತಿ.

ಪಟ್ಟನೆ ಬರುವ, ಮೆಲ್ಲಗೆ ಸಾಯುವ ಚಾನಲ್

ಸೆಟ್ ಆನ್ ಮಾಡಿದ ಮೂರ್ನಾಲ್ಕು ಸೆಕೆಂಡಿಗೆ ‘ಟಕ್’ ಅನ್ನುವ ಸದ್ದು ಸ್ಪೀಕರ್ ರಿಲೇಯದ್ದು. ವರ್ಷಗಟ್ಟಲೆ ಬಳಕೆಯಲ್ಲಿ ಅದರ ಕಾಂಟ್ಯಾಕ್ಟ್‌ಗಳ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಜೋರು ಸಿಗ್ನಲ್ ಆ ಪೊರೆಯನ್ನು ಭೇದಿಸಿಕೊಂಡು ಹೋಗುತ್ತದೆ. ಸಣ್ಣ ಸಿಗ್ನಲ್‌ಗೆ ಆ ಶಕ್ತಿ ಇರುವುದಿಲ್ಲ. ಆದ್ದರಿಂದಲೇ ಈ ದೋಷ ರಾತ್ರಿ ಮಾತ್ರ ಕಾಡುತ್ತದೆ, ರಿಪೇರಿ ಅಂಗಡಿಯಲ್ಲಿ ಜೋರಾಗಿ ಹಾಕಿ ನೋಡಿದಾಗ ‘ಎಲ್ಲ ಸರಿಯಿದೆ’ ಅನ್ನಿಸಿಕೊಳ್ಳುತ್ತದೆ. ಸೆಟ್ ಕೊಡುವಾಗ ‘ಸಣ್ಣ ದನಿಯಲ್ಲಿ ಹದಿನೈದು ನಿಮಿಷ ಓಡಿಸಿ ನೋಡಿ’ ಎಂದು ಹೇಳಿಯೇ ಕೊಡಿ.

ರಿಲೇಗೆ ಕೈ ಹಾಕುವ ಮೊದಲು ಮುಂದಿನ ಪ್ಯಾನಲ್‌ನ ಟೇಪ್ ಮಾನಿಟರ್, ಇನ್‌ಪುಟ್ ಸೆಲೆಕ್ಟರ್, ಸ್ಪೀಕರ್ ಎ–ಬಿ ಸ್ವಿಚ್ಚುಗಳನ್ನು ಇಪ್ಪತ್ತು ಸಲ ಒತ್ತಿ ಬಿಡಿ. ಬಳಸದೆ ಬಿಟ್ಟ ಸ್ವಿಚ್ಚುಗಳೂ ಇದೇ ರೀತಿ ಕೆಡುತ್ತವೆ, ಇಷ್ಟಕ್ಕೇ ಸರಿಹೋಗುವುದೂ ಉಂಟು. ಹೋಗದಿದ್ದರೆ ರಿಲೇ ಬದಲಾಯಿಸಿ. ಕಾಯಿಲ್ ವೋಲ್ಟೇಜ್ (12, 24 ಅಥವಾ 48), ಕಾಲುಗಳ ಜೋಡಣೆ, ಕಾಂಟ್ಯಾಕ್ಟ್‌ನ ಆಂಪಿಯರ್ ಮೂರೂ ಹಳೆಯದಕ್ಕೆ ಹೊಂದಬೇಕು. ಉಪ್ಪುಕಾಗದದಿಂದ ಉಜ್ಜಿದರೆ ಮೇಲಿನ ಲೇಪ ಹೋಗಿ ಕೆಲವೇ ವಾರದಲ್ಲಿ ಮೊದಲಿಗಿಂತ ಕೆಟ್ಟದಾಗುತ್ತದೆ. ಒಳಗಿನ ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿರುತ್ತವೆ; ಮಲ್ಟಿಮೀಟರ್ ಇಟ್ಟು ಸೊನ್ನೆಗೆ ಇಳಿದದ್ದು ನೋಡಿಯೇ ಕೈ ಹಾಕಿ.

ಹಮ್ಮಿಂಗ್ ಮತ್ತು ಸುಯ್ ಸದ್ದು

ವಾಲ್ಯೂಮ್ ಸೊನ್ನೆ ಮಾಡಿ, ಇನ್‌ಪುಟ್ ಕೇಬಲ್‌ಗಳನ್ನೆಲ್ಲ ಕಿತ್ತುಬಿಡಿ. ಗುಂಯ್ ಉಳಿದರೆ ಆಂಪ್ ಒಳಗಿನ ಫಿಲ್ಟರ್ ಕೆಪಾಸಿಟರ್ ಸೊರಗಿದೆ. ತಲೆ ಉಬ್ಬಿದೆಯೇ, ಬುಡದಲ್ಲಿ ಅಂಟು ಸೋರಿದೆಯೇ ನೋಡಿ. ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯದು ಹಾಕಿಸಿ. ಸದ್ದು ನಿಂತರೆ ವಾಲ್ಯೂಮನ್ನು ಮೊದಲಿನಷ್ಟಕ್ಕೆ ತಂದು ಒಂದೊಂದನ್ನೇ ಮತ್ತೆ ಸಿಕ್ಕಿಸುತ್ತ ಬನ್ನಿ. ಯಾವುದು ಸಿಕ್ಕಿದಾಗ ಮರಳಿ ಬಂತೋ ಅದೇ ಕಳ್ಳ. ಹೆಚ್ಚಿನ ಸಲ ಅದು ಕಂಬದಿಂದ ಕೇಬಲ್ ಟಿವಿಯ ತಂತಿ ಬಂದಿರುವ ಸೆಟ್‌ಟಾಪ್ ಬಾಕ್ಸ್, ಇಲ್ಲವೇ ಚಾರ್ಜರ್‌ಗೆ ಹಾಕಿದ ಲ್ಯಾಪ್‌ಟಾಪ್. ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮಧ್ಯೆ ಹಾಕಿದರೆ ಆ ಸುತ್ತು ಕಡಿಯುತ್ತದೆ. ಮೂರನೇ ಪಿನ್ ಮುರಿದು ಹಮ್ಮಿಂಗ್ ನಿಲ್ಲಿಸುವವರಿದ್ದಾರೆ. ಜೀವಕ್ಕೆ ಅಪಾಯ, ಮಾಡಲೇಬೇಡಿ.

ಅರ್ಥಿಂಗ್ ಗುಂಡಿಯನ್ನು ಈ ಬಯಲುಸೀಮೆಯಲ್ಲಿ ಮರೆಯುವಂತಿಲ್ಲ. ಪಾವಗಡ, ಬಾಗೇಪಲ್ಲಿ ಕಡೆ ಮಾರ್ಚ್ ಬಂದರೆ ಮಣ್ಣು ಕಲ್ಲಾಗುತ್ತದೆ, ಅರ್ಥ್ ಹೆಸರಿಗಷ್ಟೇ ಉಳಿಯುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ವಾರಕ್ಕೆರಡು ಬಿಂದಿಗೆ ನೀರು ಹಾಕಿ. ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಸಿ.

ಗುಂಯ್ ಅಲ್ಲದೆ ಚುರುಚುರು ಗರಗರ ಎಂಬ ಸದ್ದಾದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಆಫ್ ಮಾಡಿ ನೋಡಿ. ನಿಂತರೆ ಹಂತಹಂತವಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ಗರಗರ ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಕಾಣಿಕೆ. ಆಂಪ್‌ನ ಟ್ರಾನ್ಸ್‌ಫಾರ್ಮರ್ ಕೂಡ ನಡುಗುತ್ತದೆ. ಸೈನ್ ವೇವ್ ಇನ್ವರ್ಟರ್ ಹೊರತು ಬೇರೆ ಮದ್ದಿಲ್ಲ. ಅಲ್ಲಿಯವರೆಗೆ ಬ್ಯಾಟರಿ ರೇಡಿಯೊ.

ಸುಯ್ ಸದ್ದು ನಾಬ್ ಜೊತೆ ಏರಿಳಿದರೆ ಮೂಲದ್ದು. ಫೋನಿನಲ್ಲಿ ಬ್ಲೂಟೂತ್ ವಾಲ್ಯೂಮ್ ಶೇ. 30ಕ್ಕೆ ಇಳಿಸಿ ಆಂಪ್ ಏರಿಸಿಟ್ಟಿರಬಹುದು. ಫೋನನ್ನು ಶೇ. 80–90ಕ್ಕೆ ತನ್ನಿ. ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ಎಫ್‌ಎಂ ಅಮೃತವರ್ಷಿಣಿ 100.1 ಕೇಳುವಾಗ ಹಾಡಿನ ಬಿಡುವಿನಲ್ಲಿ ಸುಯ್ ಅಂದರೆ ಬೆಂಗಳೂರಿನ ಸಿಗ್ನಲ್ ನಿಮ್ಮಲ್ಲಿಗೆ ಬರುವಷ್ಟರಲ್ಲಿ ಬಡವಾಗಿದೆ. ಮೋನೊಗೆ ಹಾಕಿದರೆ ಆ ಸದ್ದು ಸುಮಾರು 20 ಡಿಬಿ ತಗ್ಗುತ್ತದೆ. ಒಂಟಿ ಹಾಡುಗಾರಿಕೆಗೆ ಸ್ಟೀರಿಯೊಗಿಂತ ನಿಶ್ಶಬ್ದವೇ ಹೆಚ್ಚು ಬೆಲೆಯದು.

ನಾಬ್ ಸೊನ್ನೆಯಲ್ಲೂ ಸುಯ್ ಅಷ್ಟೇ ಇದ್ದರೆ ಪವರ್ ಭಾಗದ್ದು. ಸಣ್ಣ ಕ್ಲಾಸ್ ಡಿ ಬೋರ್ಡ್‌ಗಳಿಗೆ 95 ಡಿಬಿ ಮೇಲಿನ ಸಂವೇದನೆಯ (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಸಿಗುವ ಸದ್ದು) ದೊಡ್ಡ ಸ್ಪೀಕರ್ ಕಟ್ಟಿದಾಗ ಇದು ಸಾಮಾನ್ಯ. ಇನ್‌ಪುಟ್‌ನಲ್ಲಿ ರೆಸಿಸ್ಟರ್ ಹಾಕಿ ಫಲವಿಲ್ಲ, ಆಂಪ್ ಮತ್ತು ಸ್ಪೀಕರ್ ನಡುವೆ ಹಾಕಬೇಕು: 8 ಓಮ್ ಸ್ಪೀಕರ್‌ಗೆ 3.9 ಓಮ್ ಸಾಲಿನಲ್ಲಿ, 8.2 ಓಮ್‌ನ ಇನ್ನೊಂದು ರೆಸಿಸ್ಟರ್ ಅದೇ ಸ್ಪೀಕರ್‌ಗೆ ಅಡ್ಡಲಾಗಿ, ಎರಡೂ 10 ವ್ಯಾಟ್ ವೈರ್‌ವೌಂಡ್. ಹಾಡು, ಸುಯ್ ಎರಡೂ 6 ಡಿಬಿ ಇಳಿಯುತ್ತವೆ, ಆಂಪ್ ಕಣ್ಣಿಗೆ ಹೊರೆ 8 ಓಮೇ ಆಗಿರುತ್ತದೆ. ಬೇಸ್ ತುಸು ಸಡಿಲವಾಗುತ್ತದೆ. ಹಬ್ಬಕ್ಕೆ ಜೋರಾಗಿ ಹಾಕುವ ಮುನ್ನ ತೆಗೆದುಬಿಡಿ, ಇಲ್ಲವೇ ರೆಸಿಸ್ಟರ್ ಕಾದು ಸುಡುತ್ತದೆ.

ಸಣ್ಣ ದನಿಯಲ್ಲಿ ಹರಕಲು

88 ಡಿಬಿ ಸಂವೇದನೆಯ ಸ್ಪೀಕರ್‌ನಿಂದ ಒಂದು ಮೀಟರ್ ದೂರದಲ್ಲಿ 58 ಡಿಬಿ ಕೇಳಲು ಬೇಕಾದದ್ದು ಒಂದು ಮಿಲಿವ್ಯಾಟ್. 8 ಓಮ್‌ಗೆ ಅದು 90 ಮಿಲಿವೋಲ್ಟ್ ಕೂಡ ಅಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿಯಲ್ಲಿ ಒಂದು ಕೈಬಿಟ್ಟು ಇನ್ನೊಂದು ಹಿಡಿಯುವ ಸಂದು ಇರುವುದು ಈ ಸೊನ್ನೆಯ ಆಸುಪಾಸಿನಲ್ಲೇ. ಬಯಾಸ್ ಕರೆಂಟ್ ಇಳಿದಿದ್ದರೆ ಆ ಸಂದಿನಲ್ಲಿ ಅಲೆ ಹರಿದು ತುಂಡಾಗುತ್ತದೆ. ಜೋರು ಸದ್ದಿನಲ್ಲಿ ಮುಚ್ಚಿಹೋಗುವ ಹರಕು, ಸಣ್ಣ ಸದ್ದಿನಲ್ಲಿ ವೀಣೆಯ ತಂತಿಗೆ ಮರಳು ತಾಗಿದಂತೆ ಕೇಳುತ್ತದೆ. ಬಯಾಸ್ ಹೊಂದಿಸುವುದು ಮೆಕ್ಯಾನಿಕ್ ಕೆಲಸ. ಇನ್‌ಪುಟ್ ಶಾರ್ಟ್ ಮಾಡಿ, ಸ್ಪೀಕರ್ ಕಳಚಿ, 20 ನಿಮಿಷ ಕಾಯಿಸಿ, ಎಮಿಟರ್ ರೆಸಿಸ್ಟರ್ ಮೇಲಿನ ವೋಲ್ಟೇಜನ್ನು ಆ ಸೆಟ್ಟಿನ ಸರ್ವೀಸ್ ಮ್ಯಾನ್ಯುಯಲ್ ಹೇಳಿದ ಮಿಲಿವೋಲ್ಟ್‌ಗೆ ತರಬೇಕು. ಅಂದಾಜಿನಲ್ಲಿ ಏರಿಸಿದರೆ ಟ್ರಾನ್ಸಿಸ್ಟರ್ ಬೆಂದುಹೋಗುತ್ತದೆ. ಎಸ್‌ಟಿಕೆ ಐಸಿ ಹಾಕಿದ ಅಸೆಂಬಲ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಬಯಾಸ್ ಐಸಿಯೊಳಗೇ ಇರುತ್ತದೆ, ತಿರುಗಿಸಲು ಏನೂ ಇಲ್ಲ. ಐಸಿ ಬದಲಿಸಿದ ಮೇಲೆ ಹರಕು ಶುರುವಾಗಿದ್ದರೆ ಹಾಕಿದ್ದು ನಕಲಿ ಇರಬಹುದು.

ಹರಕು ಒಂದೇ ಸ್ಪೀಕರ್‌ನಲ್ಲಿದ್ದರೆ ಸೆಟ್ ಆಫ್ ಮಾಡಿ, ನಾಲ್ಕು ಬೆರಳನ್ನು ಕೋನ್‌ನ ಸುತ್ತ ಸಮವಾಗಿಟ್ಟು ಮೆಲ್ಲಗೆ ಒತ್ತಿ. ಸರಸರ ಎಂದು ಉಜ್ಜಿದರೆ ವಾಯ್ಸ್ ಕಾಯಿಲ್ ವಾಲಿದೆ ಅಥವಾ ಸಂದಿಗೆ ದೂಳು ಬಿದ್ದಿದೆ. ಅಂಚಿನ ಫೋಮ್ ಬೆರಳು ತಾಗಿದರೆ ಉದುರುವಂತಿದ್ದರೆ ಹೊಸ ಫೋಮ್ ಅಂಟಿಸಿದರೆ ಸಾಕು, ಇಡೀ ಸ್ಪೀಕರ್ ಎಸೆಯಬೇಕಿಲ್ಲ. ಟ್ವೀಟರ್ ಸದ್ದಿಲ್ಲದಿದ್ದರೆ ಅದರ ಒಂದು ವೈರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಅಳೆಯಿರಿ: 8 ಓಮ್‌ನದ್ದಕ್ಕೆ 5.5ರಿಂದ 7 ಓಮ್ ತೋರಿಸಬೇಕು. ತೋರಿಸಿಯೂ ಮಂಕಾಗಿದ್ದರೆ ಅದರ ಜೊತೆಗಿನ ಕೆಪಾಸಿಟರ್ ಒಣಗಿದೆ. 4.7 ಮೈಕ್ರೋಫ್ಯಾರಡ್ ಎಂದಿದ್ದರೆ ಅದೇ ಅಳತೆಯ ಫಿಲ್ಮ್ ಕೆಪಾಸಿಟರ್ ಹಾಕಿ, ಎರಡೂ ಬಾಕ್ಸಿಗೂ ಒಟ್ಟಿಗೆ. ಹಿಂದಿನ ಗಾಳಿ ತೂತಿನೊಳಗೆ ಟಾರ್ಚ್ ಬಿಟ್ಟು ನೋಡುವುದನ್ನೂ ಮರೆಯಬೇಡಿ. ಇಲಿ ಗೂಡು ಮಾಡಿ ವೈರ್ ಕಡಿದಿರುವುದು ಹೊಸದಲ್ಲ. ಸೊಳ್ಳೆ ಪರದೆಯ ತುಂಡು ಬಿಗಿದರೆ ಗಾಳಿಯಾಡುತ್ತದೆ, ಇಲಿಮರಿ ನುಗ್ಗುವುದಿಲ್ಲ.

ಸಬ್‌ವೂಫರ್ ಮಲಗಿಬಿಟ್ಟರೆ

ಜೋರಿನಲ್ಲಿ ಕೆಲಸ ಮಾಡುವ ಸಬ್ ರಾತ್ರಿ ಮಾತ್ರ ಸುಮ್ಮನಿದ್ದರೆ ಹಿಂಬದಿಯ ಆಟೊ ಸ್ವಿಚ್ ನೋಡಿ. ಇಂತಿಷ್ಟು ಮಿಲಿವೋಲ್ಟ್ ಬರದೆ ಅದು ಏಳುವುದಿಲ್ಲ, ಸಣ್ಣ ದನಿಯ ಸಿಗ್ನಲ್ ಆ ಗೆರೆ ಮುಟ್ಟುವುದಿಲ್ಲ. ಸ್ವಿಚ್ಚನ್ನು ಆನ್‌ಗೆ ಹಾಕಿ. ಆಟೊ ಬೇಕೇ ಬೇಕಾದರೆ ರಿಸೀವರ್‌ನ ಸಬ್ ಮಟ್ಟವನ್ನು 6 ಡಿಬಿ ಏರಿಸಿ, ಸಬ್‌ನ ಹಿಂದಿನ ಗೇನ್ ನಾಬನ್ನು ಅಷ್ಟೇ ಇಳಿಸಿ. ಒಟ್ಟು ಬೇಸ್ ಮೊದಲಿನಷ್ಟೇ ಇರುತ್ತದೆ, ಎಬ್ಬಿಸುವ ಸಿಗ್ನಲ್ ಮಾತ್ರ ಎರಡು ಪಟ್ಟಾಗುತ್ತದೆ.